ಡಿಎನ್‌ಎ ಪರೀಕ್ಷೆ ಆದ ಮೇಲೆ ನನ್ನ ಬರಿ ಯಾವುದು?

ಪ್ರಶ್ನೆ: ನಾನು ಉಡುಪಿ ಕಡೆಯವಳು, 33 ವರ್ಷ. ನಮ್ಮದು ತಾಯಿಯ ಕಡೆಯಿಂದ ವಂಶ ನಡೆಯುವ ಅಳಿಯಕಟ್ಟಿನ ಕುಟುಂಬ. ತಮ್ಮನೂ ನಾನೂ ಸುಮ್ನೆ ಕುತೂಹಲಕ್ಕೆ ಡಿಎನ್‌ಎ ಪರೀಕ್ಷೆ ಮಾಡಿಸಿದೆವು. ಇಬ್ಬರಿಗೂ ರಕ್ತಸಂಬಂಧವೇ ಇಲ್ಲ ಎಂದು ಬಂತು. ಕೇಳಿದಾಗ ಅಮ್ಮ ಅತ್ತುಬಿಟ್ಟರು. ಮೂರು ತಿಂಗಳ ಮಗುವಾಗಿದ್ದಾಗ ನನ್ನನ್ನು ಒಂದು ಸಂಸ್ಥೆಯಿಂದ ದತ್ತು ತಂದರಂತೆ. ಈಗ ನಾಗರಪಂಚಮಿಗೆ ಕುಟುಂಬದ ನಾಗಬನಕ್ಕೆ ಹೋಗಲು ಕಾಲೇ ಏಳುತ್ತಿಲ್ಲ. ನನ್ನ ಬರಿ, ಅಂದರೆ ವಂಶದ ಗುಂಪು, ಯಾವುದು? ನಾನು ಯಾರ ಮನೆಯವಳು?

ಆಪ್ತ ಸಮಾಲೋಚಕಿಯ ಉತ್ತರ: ಮೊದಲು ಪರೀಕ್ಷೆಯ ಮಾತು ಮುಗಿಸೋಣ. ಒಡಹುಟ್ಟಿದವರ ಡಿಎನ್‌ಎ ಸುಮಾರು ಶೇ 50ರಷ್ಟು ಹೊಂದುತ್ತದೆ. ತಂದೆ ಅಥವಾ ತಾಯಿ ಮಾತ್ರ ಒಬ್ಬರೇ ಆಗಿದ್ದರೆ ಶೇ 25ರಷ್ಟು. ನಿಮ್ಮದು ಏನೂ ಹೊಂದಿಲ್ಲ, ಅಮ್ಮನೂ ಒಪ್ಪಿದ್ದಾರೆ. ಆದರೆ ಬರಿ ಹೇಳುವ ಪರೀಕ್ಷೆ ಅದಲ್ಲ.

ಬರಿ ಬರುವುದು ಅಮ್ಮನಿಂದ. ಅದಕ್ಕೇ ನಿಮಗಿಷ್ಟು ಕಸಿವಿಸಿ. ಆದರೆ ನಮ್ಮ ಹಿರಿಯರು ರಕ್ತದ ಲೆಕ್ಕವೊಂದನ್ನೇ ಹಿಡಿದು ಕೂತವರಲ್ಲ. ಹೆಣ್ಣು ಸಂತಾನವಿಲ್ಲದೆ ಅಳಿಯಕಟ್ಟಿನ ಮನೆ ನಿಂತುಹೋಗುತ್ತದೆ ಎಂದಾಗ ಹೆಣ್ಣು ಮಗುವನ್ನು ದತ್ತು ತರುವ ರೂಢಿ ಇತ್ತು. ಆ ಮಗುವಿನಿಂದಲೇ ಮನೆ ಮುಂದುವರಿಯುತ್ತಿತ್ತು. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯೂ ದತ್ತು ಆದ ದಿನದಿಂದ ಮಗು ಆ ಮನೆಯದೇ ಎನ್ನುತ್ತದೆ. ದತ್ತು ಪತ್ರ ಎಲ್ಲಿದೆ ಎಂದು ಕೇಳಿಟ್ಟುಕೊಳ್ಳಿ. ನನ್ನನ್ನು ಕೇಳಿದರೆ, ನಿಮ್ಮ ಬರಿ ಅಮ್ಮನ ಬರಿಯೇ.

ಇಷ್ಟಕ್ಕೆ ನೋವು ಹೋಗುವುದಿಲ್ಲ, ಗೊತ್ತು. ದತ್ತು ತಂದದ್ದಕ್ಕಿಂತ 33 ವರ್ಷ ಮುಚ್ಚಿಟ್ಟದ್ದೇ ನಿಮ್ಮನ್ನು ಜಾಸ್ತಿ ಚುಚ್ಚುತ್ತಿರಬೇಕು. ಅದನ್ನು ಅಮ್ಮನ ಹತ್ತಿರವೇ ಹೇಳಿ. ಪಂಚಮಿಯ ಹಿಂದಿನ ದಿನವೇ ಊರಿಗೆ ಹೋಗಿ. ಅಮ್ಮ ಅರಿಶಿನ ಎಲೆ ಒರೆಸಿ, ಅಕ್ಕಿ ಹಿಟ್ಟು ಹಚ್ಚಿ, ಬೆಲ್ಲ ಕಾಯಿ ತುಂಬಿ ಮಡಚುವಾಗ ನೀವೂ ಪಕ್ಕದಲ್ಲಿ ಕೂತು ಮಡಚಿ. ಕೈಗೆ ಕೆಲಸವಿದ್ದಾಗ ಇಂಥ ಮಾತು ಸಲೀಸಾಗಿ ಬರುತ್ತದೆ. ನನ್ನನ್ನು ತಂದ ದಿನ ಮಳೆ ಇತ್ತಾ, ಯಾರು ಎತ್ತಿಕೊಂಡಿದ್ದರು, ಅಜ್ಜಿ ಏನಂದರು, ಎಲ್ಲ ಕೇಳಿ. ಸಿಟ್ಟು ಬಂದರೆ ಬರಲಿ. ಮರುದಿನ ಮನಸ್ಸಾದರೆ ಬನಕ್ಕೆ ಹೋಗಿ, ಈ ವರ್ಷ ಆಗದಿದ್ದರೆ ಬಿಡಿ.

ಹೆತ್ತವರನ್ನು ಹುಡುಕಬೇಕೆನಿಸಿದರೆ ಅದು ಅಮ್ಮನಿಗೆ ಮಾಡುವ ದ್ರೋಹವಲ್ಲ. 18 ದಾಟಿದವರು ದತ್ತು ಕೊಟ್ಟ ಸಂಸ್ಥೆಗೆ ಅಥವಾ ಕೇಂದ್ರದ ದತ್ತು ಪ್ರಾಧಿಕಾರವಾದ ‘ಕಾರಾ’ಕ್ಕೆ ತಾವೇ ಅರ್ಜಿ ಹಾಕಬಹುದು. ವಿವರ ಕೊಡಬೇಡಿ ಎಂದು ಹೆತ್ತವರು ಹೇಳಿದ್ದರೆ ಅವರ ಒಪ್ಪಿಗೆ ಬೇಕಾಗುತ್ತದೆ. ಇನ್ನು ಮುಂದೆ ‘ಮನೆಯಲ್ಲಿ ಯಾರಿಗಾದರೂ ಶುಗರ್ ಇದೆಯಾ’ ಎಂದು ಡಾಕ್ಟರ್ ಕೇಳಿದರೆ ‘ಗೊತ್ತಿಲ್ಲ’ ಎಂದೇ ಹೇಳಿ.

ಮತ್ತೆ, ಇವತ್ತೇ ತಮ್ಮನಿಗೆ ಒಂದು ಫೋನ್ ಮಾಡಿ. ಅಕ್ಕ ದೂರವಾಗಿಬಿಟ್ಟರೆ ಎಂಬ ಭಯ ಅವನಿಗೂ ಇರುತ್ತದೆ ಅಲ್ವಾ?