ಉಪ್ಪುನೀರಿನ ಟ್ಯಾಂಕ್ ಸೋರಿ, ಸಿಹಿನೀರು ತುಂಬಿಸಿಬಿಟ್ಟಿದ್ದೇವೆ. ಮುಂದೇನು?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಮೈಸೂರು. ಮನೆಯಲ್ಲಿ ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಸಮುದ್ರದ ನೀರಿನ ಅಕ್ವೇರಿಯಂ ಇದೆ. ಮಗ ಹಾಸ್ಟೆಲಿಗೆ ಹೋದ ಮೇಲೆ ನಾನೇ ನೋಡಿಕೊಳ್ಳುತ್ತಿದ್ದೇನೆ. ಎರಡು ಕ್ಲೌನ್ ಮೀನು, ಒಂದು ಡ್ಯಾಮ್ಸೆಲ್, ಒಂದು ಕ್ಲೀನರ್ ಸಿಗಡಿ, ಸ್ವಲ್ಪ ಜೋವಾ (ಗುಂಪಾಗಿ ಬೆಳೆಯುವ ಹವಳದಂಥ ಜೀವಿ), ಒಂದು ಲೆದರ್ ಕೋರಲ್ (ಮೆತ್ತನೆಯ ಹವಳ) ಇವೆ. ಮೊನ್ನೆ ರಾತ್ರಿ ಹಿಂದಿನ ಬಲಮೂಲೆಯ ಅಂಟು ಬಿಟ್ಟು, ಬೆಳಗಾಗುವಷ್ಟರಲ್ಲಿ ಆರು ಇಂಚು ನೀರು ಹಾಲ್ ತುಂಬ ಹರಿದಿತ್ತು. ಮೇಲಿನ ಕಲ್ಲುಗಳು ಒಣಗಿದ್ದವು. ನಮ್ಮ ಯಜಮಾನರು ಹೊರಗಿನಿಂದ ಸಿಲಿಕೋನ್ ಹಚ್ಚಿ, ಸಂಜೆಗೆ ಆರ್‌ಒ ನೀರು ತುಂಬಿಸಿದರು. ಮೂಲೆ ಇನ್ನೂ ಸ್ವಲ್ಪ ಜಿನುಗುತ್ತಿದೆ. ನೀರಿನ ಉಪ್ಪು ಅಳೆಯುವ ರಿಫ್ರ್ಯಾಕ್ಟೋಮೀಟರ್ 1.017 (ಸಿಹಿನೀರಿನ ಸಾಂದ್ರತೆ 1 ಎಂದು ಹಿಡಿದರೆ) ತೋರಿಸುತ್ತಿದೆ, ಅಮೋನಿಯ 0.5. ಮೀನುಗಳು ಓಡಾಡಿಕೊಂಡಿವೆ, ಸಿಗಡಿ ಮಾತ್ರ ಮಂಕಾಗಿದೆ. ಉಪ್ಪು ಸುರಿದುಬಿಡಲೇ? ಮಂಗಳೂರಿನಲ್ಲಿರುವ ನಾದಿನಿ ಸಮುದ್ರದ ನೀರೇ ಕಳಿಸುತ್ತೇನೆ ಎನ್ನುತ್ತಾಳೆ. ಇಲ್ಲವೇ ಎಲ್ಲ ಖಾಲಿ ಮಾಡಿ ಹೊಸದಾಗಿ ಶುರು ಮಾಡಬೇಕೇ?

ಉತ್ತರ: ಮೊದಲು ಸ್ಟ್ಯಾಂಡಿನ ಕೆಳಗಿರುವ ಎಕ್ಸ್‌ಟೆನ್ಷನ್ ಬೋರ್ಡ್ ನೋಡಿ. ಆ ಮೂಲೆಯಿಂದ ಹರಿದ ನೀರು ಅದನ್ನು ಮುಟ್ಟಿದ್ದರೆ, ಈಗ ಒಣಗಿದಂತೆ ಕಂಡರೂ ಒಳಗೆ ಉಪ್ಪು ಕೂತಿರುತ್ತದೆ. ಆ ಉಪ್ಪು ಗಾಳಿಯ ತೇವ ಎಳೆದುಕೊಂಡು ಮತ್ತೆ ಕರೆಂಟ್ ಹಾಯಿಸುತ್ತದೆ. ಎಂಸಿಬಿ ಆಫ್ ಮಾಡಿ, ಆ ಬೋರ್ಡನ್ನು ಎಸೆದು ಹೊಸದು ತನ್ನಿ. ಹೀಟರ್ ನೀರಿನಿಂದ ಹೊರಗೆ ಉರಿದಿದ್ದರೆ ಅದರ ಗಾಜಿನಲ್ಲಿ ಕೂದಲೆಳೆಯಷ್ಟು ಬಿರುಕಿರಬಹುದು. ಅನುಮಾನ ಬಂದರೆ ಅದನ್ನೂ ಬದಲಿಸಿ. ಮೀನಿನ ಮಾತು ಆಮೇಲೆ.

ಇನ್ನು ನಿಮ್ಮ ಪ್ರಶ್ನೆಗಳು. ಖಾಲಿ ಮಾಡಬೇಡಿ, ಉಪ್ಪನ್ನೂ ಸುರಿಯಬೇಡಿ. ಅಮೋನಿಯವನ್ನು ಅರಗಿಸುವ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ಕಲ್ಲಿಗೆ, ಮರಳಿಗೆ ಅಂಟಿಕೊಂಡೇ ಬದುಕುತ್ತವೆ. ಹರಿದುಹೋದ ನೀರಿನ ಜೊತೆ ಹೋದದ್ದು ಅಲ್ಪಸ್ವಲ್ಪ. ಹಾಗಾಗಿ ಹೊಸದಾಗಿ ಶುರು ಮಾಡುವ ಅಗತ್ಯವಿಲ್ಲ. ಸೋರಿಕೆಯಲ್ಲಿ ಉಳಿದ ಟ್ಯಾಂಕುಗಳು ಮರುದಿನದ ಆತುರದಲ್ಲಿ ಹಾಳಾಗುವುದೇ ಹೆಚ್ಚು.

ಲವಣಾಂಶ ಇಷ್ಟು ಇಳಿದದ್ದು ಯಾಕೆ ಎನ್ನುವುದು ಗೊತ್ತಿದ್ದರೆ ಮುಂದಿನ ಲೆಕ್ಕ ಸುಲಭ. ದಿನವೂ ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ. ಅದಕ್ಕೇ ಆವಿಯಾದಷ್ಟನ್ನು ಆರ್‌ಒ ನೀರಿನಿಂದ ತುಂಬುವುದು ಸರಿ. ಸೋರಿದಾಗ ಉಪ್ಪೂ ಜೊತೆಗೇ ಹೋಗುತ್ತದೆ. ನಿಮ್ಮ ಅಳತೆಯ ಟ್ಯಾಂಕಿನಲ್ಲಿ ಒಂದು ಇಂಚು ಎಂದರೆ ಸುಮಾರು ಹತ್ತೂವರೆ ಲೀಟರ್. ಆರು ಇಂಚಿಗೆ 60 ಲೀಟರಿನ ಮೇಲಾಯಿತು, ಲೀಟರಿಗೆ 35 ಗ್ರಾಂ ಹಿಡಿದರೂ ಎರಡು ಕಿಲೋಗಿಂತ ಹೆಚ್ಚು ಉಪ್ಪು ಮನೆಯ ನೆಲದ ಪಾಲಾಗಿದೆ. ಆ ಜಾಗಕ್ಕೆ ಸಿಹಿನೀರು ಬಂದಿದ್ದರಿಂದ ಸಾವಿರಕ್ಕೆ 35 ಭಾಗವಿದ್ದ ಲವಣಾಂಶ 23ರ ಆಸುಪಾಸಿಗೆ ಬಂತು. ನಿಮ್ಮ ಮೀಟರಿನ 1.017 ಈ ಲೆಕ್ಕಕ್ಕೆ ಸರಿಯಾಗಿ ಕೂಡುತ್ತದೆ, ಮೀಟರ್ ನಂಬಬಹುದು.

ಮೀನುಗಳ ಬಗ್ಗೆ ಸದ್ಯಕ್ಕೆ ಹೆದರಬೇಡಿ. ಸಮುದ್ರದ ಮೀನಿನ ಮೈಯಿಂದ ನೀರು ಸದಾ ಹೊರಗೆ ಜಾರುತ್ತಿರುತ್ತದೆ. ಅದು ಸಮುದ್ರದ ನೀರನ್ನೇ ಕುಡಿದು, ಹೆಚ್ಚಾದ ಉಪ್ಪನ್ನು ಕಿವಿರಿನಿಂದ ಹೊರಹಾಕುತ್ತಾ ಬದುಕುತ್ತದೆ. ಲವಣಾಂಶ ಇಳಿದರೆ ಆ ಕೆಲಸ ಹಗುರವಾಗುತ್ತದೆ. ಬಿಳಿಚುಕ್ಕೆ ರೋಗದ ಚಿಕಿತ್ಸೆಗಾಗಿ ಮೀನುಗಳನ್ನು ಬೇಕೆಂದೇ 1.009ರ ನೀರಿನಲ್ಲಿ ವಾರಗಟ್ಟಲೆ ಇಡುವುದುಂಟು. ಮೀನಿಗೆ ಕಷ್ಟವಾಗುವುದು ಲವಣಾಂಶ ಒಮ್ಮೆಲೇ ಏರಿದಾಗ. ಉಪ್ಪು ಸುರಿಯಬೇಡಿ ಎಂದದ್ದು ಇದಕ್ಕೇ. ಮೇಲಾಗಿ ಕರಗದ ಉಪ್ಪಿನ ಕಾಳು ಕೋರಲ್ ಮೇಲೆ ಬಿದ್ದ ಜಾಗ ಸುಟ್ಟುಹೋಗುತ್ತದೆ.

ಸಿಗಡಿಯ ಪಾಡು ಬೇರೆ. ಸಿಗಡಿ, ಬಸವನಹುಳು, ನಕ್ಷತ್ರಮೀನುಗಳಿಗೆ ಒಳಗಿನ ಉಪ್ಪನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಕಡಿಮೆ. ಹೊರಗಿನ ನೀರು ಬದಲಾದಂತೆ ಮೈಯೂ ಬದಲಾಗುತ್ತದೆ. ನಿಮ್ಮದು ಒಂದೇ ಸಂಜೆಯಲ್ಲಿ ದೊಡ್ಡ ಇಳಿತ ಕಂಡಿದೆ. ಅದನ್ನು ಹಿಡಿದು ಬೇರೆ ನೀರಿಗೆ ಬಿಟ್ಟರೆ ಇನ್ನೊಂದು ಪೆಟ್ಟು ಕೊಟ್ಟಂತೆ. ಇದ್ದಲ್ಲೇ ಇರಲಿ, ಬೆಳಕು ಕಡಿಮೆ ಮಾಡಿ.

ಏರಿಸುವ ಕ್ರಮ ಹೀಗೆ. ದಿನಕ್ಕೆ 0.001ರಿಂದ 0.002, ಅದಕ್ಕಿಂತ ಹೆಚ್ಚು ಬೇಡ. ಬೇರೆ ಬಕೆಟ್‌ನಲ್ಲಿ ಆರ್‌ಒ ನೀರಿಗೆ ಅಕ್ವೇರಿಯಂ ಉಪ್ಪು ಹಾಕಿ, ಸಣ್ಣ ಪಂಪ್ ಬಿಟ್ಟು ರಾತ್ರಿಯಿಡೀ ಕಲಕಿ, 1.030ರಷ್ಟು ಗಟ್ಟಿ ಮಾಡಿಕೊಳ್ಳಿ. ದಿನಕ್ಕೆ 18 ಲೀಟರ್ ಹಳೆಯದನ್ನು ತೆಗೆದು ಇದನ್ನು ನಿಧಾನವಾಗಿ ಬಿಡಿ. ಆವಿಯಾದದ್ದನ್ನೂ ಈ ನೀರಿನಿಂದಲೇ ತುಂಬಿ. ಎಂಟು ಹತ್ತು ದಿನದಲ್ಲಿ 1.025 ಮುಟ್ಟುತ್ತೀರಿ, ಮುಟ್ಟಿದ ದಿನವೇ ಮತ್ತೆ ಆರ್‌ಒ ನೀರಿಗೆ ಮರಳಿ. ಸಿಹಿನೀರಿನಿಂದಾಗಿ ಕ್ಯಾಲ್ಸಿಯಂ, ಕ್ಷಾರತೆಗಳೂ ತೆಳುವಾಗಿರುತ್ತವೆ. ಈ ಉಪ್ಪಿನ ಜೊತೆ ಅವೂ ಮೇಲೆ ಬರುತ್ತವೆ, ಬೇರೆ ಬಾಟಲಿಗಳ ಗೊಡವೆ ಈಗ ಬೇಡ. ಅಡುಗೆ ಉಪ್ಪು, ಕಲ್ಲುಪ್ಪು ಯಾವುದೂ ಇದಕ್ಕೆ ಆಗದು.

ನಾದಿನಿಯವರ ಪ್ರೀತಿಗೆ ಕೈಮುಗಿದು, ಆ ನೀರು ಬೇಡ ಎನ್ನಿ. ಮಂಗಳೂರಿನಲ್ಲಿ ನೇತ್ರಾವತಿ, ಗುರುಪುರ ಹೊಳೆಗಳು ಸಮುದ್ರ ಸೇರುತ್ತವೆ. ಮಳೆಗಾಲದಲ್ಲಿ ದಡದ ನೀರು ಸಪ್ಪೆಯಾಗಿ, ಕೆಸರು ತುಂಬಿರುತ್ತದೆ. ಬೇಸಿಗೆಯಲ್ಲೂ ದಡದ ನೀರಿನಲ್ಲಿ ದೋಣಿಯ ಎಣ್ಣೆ, ಊರಿನ ಕೊಳಚೆ ಎಷ್ಟಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಮೊದಲೇ ಬಳಲಿದ ಟ್ಯಾಂಕಿಗೆ ಆ ಅಪಾಯ ಯಾಕೆ?

ನನಗೆ ಹೆಚ್ಚು ಚಿಂತೆ ಇರುವುದು ಅಮೋನಿಯದ್ದು. ರಾತ್ರಿಯಿಡೀ ಒಣಗಿದ ಕಲ್ಲಿನ ಮೇಲೆ ಸ್ಪಂಜು, ಹುಳು, ಪಾಚಿ ಸತ್ತಿರುತ್ತವೆ. ಅವು ಕೊಳೆತಂತೆ ಅಮೋನಿಯ ಏರುತ್ತದೆ. ಸಮುದ್ರದ ನೀರಿನ ಪಿಎಚ್ 8.2ರ ಹತ್ತಿರ ಇರುವುದರಿಂದ, ಅದೇ ಪ್ರಮಾಣದ ಅಮೋನಿಯ ಸಿಹಿನೀರಿಗಿಂತ ಹಲವು ಪಟ್ಟು ವಿಷ. ಮೇಲಿನ ಒಂದೊಂದೇ ಕಲ್ಲನ್ನು ಎತ್ತಿ ಮೂಸಿ ನೋಡಿ. ಒಳ್ಳೆಯ ಕಲ್ಲು ಕಡಲತೀರದ ವಾಸನೆ ಕೊಡುತ್ತದೆ. ಕೊಳೆತ ಮೊಟ್ಟೆಯ ನಾತ ಬಂದರೆ, ಬಿಳಿ ಲೋಳೆ ಕಂಡರೆ, ಟ್ಯಾಂಕಿನದೇ ನೀರು ತುಂಬಿದ ಬಕೆಟ್‌ನಲ್ಲಿ ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ ಮತ್ತೆ ಇಡಿ. ನಲ್ಲಿ ನೀರಿಗೆ ಹಿಡಿಯಬೇಡಿ, ಬದುಕಿರುವ ಬ್ಯಾಕ್ಟೀರಿಯಾ ಕ್ಲೋರಿನ್‌ಗೆ ಸಾಯುತ್ತವೆ. ಮರಳನ್ನು ಕೆದಕಬೇಡಿ. ಮೂರು ದಿನ ಮೀನಿಗೆ ಊಟ ಬೇಡ, ಅವು ತಡೆಯುತ್ತವೆ. ದಿನಾ ಅಮೋನಿಯ ನೋಡಿ. ಅಕಸ್ಮಾತ್ 1ಕ್ಕೆ ಏರಿದರೆ ಅರ್ಧದಷ್ಟು ನೀರು ಬದಲಿಸಲೇಬೇಕು, ಆದರೆ ಆ ಹೊಸ ನೀರಿನ ಲವಣಾಂಶ ಆ ದಿನ ಟ್ಯಾಂಕಿನಲ್ಲಿ ಎಷ್ಟಿದೆಯೋ ಅಷ್ಟೇ ಇರಬೇಕು. ಗಟ್ಟಿ ನೀರು ಸಣ್ಣ ಬದಲಾವಣೆಗೆ ಮಾತ್ರ.

ಲೆದರ್ ಕೋರಲ್ ಮುದುಡಿ, ಮೇಣದಂಥ ಪೊರೆ ಕಳಚುತ್ತಾ ಒಂದೆರಡು ವಾರ ಸತ್ತಂತೆ ಕಾಣಬಹುದು. ಎಸೆಯಬೇಡಿ. ಮೈ ಕರಗಿ ನಾತ ಬಂದರಷ್ಟೇ ತೆಗೆಯಿರಿ. ಅದರ ಬದಲಿಗೆ ‘ಸಮುದ್ರದಿಂದಲೇ ತಂದ’ ಗಟ್ಟಿ ಹವಳ ಕೊಡುತ್ತೇವೆ ಎನ್ನುವವರಿಂದ ದೂರವಿರಿ. ನಮ್ಮ ದೇಶದಲ್ಲಿ ಅವಕ್ಕೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ.

ಇನ್ನು ಮೂಲೆ. ಹೊರಗಿನಿಂದ ಹಚ್ಚಿದ ಸಿಲಿಕೋನ್ ನಿಲ್ಲದು. ನೀರು ಒಳಗಿನಿಂದ ತಳ್ಳುತ್ತದೆ, ಹಚ್ಚಿದ್ದನ್ನು ಗಾಜಿನಿಂದ ಎಬ್ಬಿಸುತ್ತದೆ. ಅಲ್ಲದೆ ಗಟ್ಟಿಯಾದ ಹಳೆಯ ಸಿಲಿಕೋನ್‌ಗೆ ಹೊಸದು ಸರಿಯಾಗಿ ಅಂಟುವುದೇ ಇಲ್ಲ. ಇವತ್ತೇ ಒಂದು ದೊಡ್ಡ ಪ್ಲಾಸ್ಟಿಕ್ ಡ್ರಮ್ ತನ್ನಿ. ಫಿನಾಯಿಲ್, ಸೋಪು ಕಾಣದ ಡ್ರಮ್ ಆಗಿರಲಿ. ಟ್ಯಾಂಕಿನ ನೀರನ್ನೇ ಅದಕ್ಕೆ ತುಂಬಿ ಕಲ್ಲು, ಮೀನು, ಸಿಗಡಿ ಎಲ್ಲವನ್ನೂ ವರ್ಗಾಯಿಸಿ, ಏರ್ ಪಂಪ್, ವೇವ್‌ಮೇಕರ್, ಹೀಟರ್ ಹಾಕಿ. ಮೇಲೆ ಬಲೆ ಕಟ್ಟಿ, ಮೀನು ಹಾರುತ್ತವೆ. ಲವಣಾಂಶ ಏರಿಸುವ ಕೆಲಸ ಡ್ರಮ್ಮಿನಲ್ಲೇ ನಡೆಯಲಿ, ಅಲ್ಲಿ ನೀರು ಕಡಿಮೆ ಇರುವುದರಿಂದ ದಿನವೂ ಬದಲಿಸುವ ಪ್ರಮಾಣವನ್ನೂ ಡ್ರಮ್ಮಿನ ನೀರಿನ ಹತ್ತರಲ್ಲೊಂದು ಪಾಲಿಗೆ ಇಳಿಸಿಕೊಳ್ಳಿ.

ಖಾಲಿಯಾದ ಟ್ಯಾಂಕಿನ ಮೂಲೆಗೆ ಟಾರ್ಚ್ ಹಿಡಿದು ಗಾಜಿನ ಅಂಚಿನಿಂದ ನೋಡಿ. ಗಾಜು ಗಾಜು ಸೇರುವ ಸಂದಿನೊಳಗೆ ಗುಳ್ಳೆಗಳ ಸಾಲು, ಬಿಳಿ ಉಪ್ಪಿನ ಗೆರೆ ಉದ್ದಕ್ಕೆ ಓಡಿದ್ದರೆ ಒಳಗಿನ ಅಂಚನ್ನು ಮಾತ್ರ ಸರಿಪಡಿಸಿ ಪ್ರಯೋಜನವಿಲ್ಲ. ಒಂದೇ ರಾತ್ರಿಯಲ್ಲಿ 60 ಲೀಟರ್ ಹೋಗಿದೆ ಎಂದರೆ ನನ್ನ ಅನುಮಾನ ಇದರ ಮೇಲೇ. ಟ್ಯಾಂಕ್ ಕಟ್ಟುವವರಿಂದ ಆ ಗಾಜು ಬಿಚ್ಚಿಸಿ ಮತ್ತೆ ಕೂರಿಸಿ. ಸಂದು ಗಟ್ಟಿಯಿದ್ದು ಒಳ ಅಂಚು ಮಾತ್ರ ಎದ್ದಿದ್ದರೆ, ಎಲ್ಲ ಮೂಲೆಗಳ ಒಳ ಸಿಲಿಕೋನನ್ನು ಬ್ಲೇಡಿನಿಂದ ಪೂರ್ತಿ ಕೆರೆದು, ಅಸಿಟೋನ್‌ನಲ್ಲಿ ಒರೆಸಿ, ಒಂದೇ ಸಲಕ್ಕೆ ಹೊಸದು ಎಳೆಯಬೇಕು. ಅಕ್ವೇರಿಯಂಗೆಂದೇ ಇರುವ ಸಿಲಿಕೋನ್ ಕೇಳಿ. ಬಾತ್‌ರೂಮಿಗೆ ಬಳಸುವ, ಬೂಷ್ಟು ತಡೆಯುವ ಸಿಲಿಕೋನ್‌ನಲ್ಲಿ ವಿಷವಿರುತ್ತದೆ. ವಿನೆಗರ್ ವಾಸನೆ ಪೂರ್ತಿ ಹೋಗುವ ತನಕ, ಅಂದರೆ ಒಂದು ವಾರ, ಬಿಡಿ.

ಆಮೇಲೆ ಅಂಗಳದಲ್ಲಿ ಥರ್ಮೋಕೋಲ್ ಮೇಲೆ ಇಟ್ಟು, ಸುತ್ತ ಹಳೆಯ ಪೇಪರ್ ಹಾಸಿ, ನಲ್ಲಿ ನೀರು ತುಂಬಿ ಎರಡು ದಿನ ನೋಡಿ. ಒಂದು ಹನಿ ಬಿದ್ದರೂ ಪೇಪರ್ ಹೇಳುತ್ತದೆ. ಒಳಗೆ ತರುವ ಮೊದಲು ಸ್ಟ್ಯಾಂಡಿನ ಮೇಲೆ ರಸಮಟ್ಟ ಇಟ್ಟು ನಾಲ್ಕೂ ಕಡೆ ಪರೀಕ್ಷಿಸಿ. ಪ್ಲೈವುಡ್ ನೀರು ಕುಡಿದು ಉಬ್ಬಿದ್ದರೆ ಸ್ಟ್ಯಾಂಡನ್ನೇ ಬದಲಿಸಬೇಕು, ತಿರುಚಿದ ಸ್ಟ್ಯಾಂಡ್ ಹೊಸ ಅಂಟನ್ನೂ ಬಿಡಿಸುತ್ತದೆ. ಗಾಜಿನಲ್ಲೇ ಬಿರುಕು ಕಂಡರೆ ರಿಪೇರಿಗೆ ಹೋಗಬೇಡಿ, ಹೊಸ ಟ್ಯಾಂಕ್ ಮಾಡಿಸಿ. ಅದು ಬರುವವರೆಗೆ ನಿಮ್ಮ ಮೀನುಗಳು ಡ್ರಮ್ಮಿನಲ್ಲಿ ಒಂದು ತಿಂಗಳಾದರೂ ಚೆನ್ನಾಗಿಯೇ ಇರಬಲ್ಲವು.