ಲೇಹ್‌ನಿಂದ ಅಗತ್ತಿಗೆ ಎಷ್ಟು ದೂರ?

ಪ್ರಶ್ನೆ: ಲಡಾಖ್ ನೋಡಿಕೊಂಡು ಅಲ್ಲಿಂದ ಹಾಗೇ ಲಕ್ಷದ್ವೀಪಕ್ಕೆ ಹೋಗುವ ಯೋಚನೆಯಿದೆ. ಲೇಹ್‌ನಿಂದ ಅಗತ್ತಿಗೆ ವಿಮಾನದ ದೂರ ಹುಡುಕಿದರೆ ಒಂದು ಕಡೆ 2,650, ಇನ್ನೊಂದು ಕಡೆ 1,650, ಮತ್ತೊಂದು ಕಡೆ 1,430 ಅಂತ ಬರುತ್ತದೆ. ಸಮಯ ಮಾತ್ರ ಎಲ್ಲೆಡೆ ನಾಲ್ಕು ಗಂಟೆಯೊಳಗೆ. ಯಾವುದನ್ನು ನಂಬಬೇಕು?
– ಓದುಗರು, ಶಿರಸಿ

ಉತ್ತರ: ಮೂರೂ ಸರಿ. ಮೊದಲನೆಯದು ಕಿಲೋಮೀಟರ್, ಎರಡನೆಯದು ಮೈಲಿ, ಮೂರನೆಯದು ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿ.ಮೀ. ಗ್ಲೋಬಿನ ಮೇಲೆ ಎರಡು ಊರಿಗೂ ದಾರ ಬಿಗಿದು ಅಳೆದರೆ ಸಿಗುವ ದೂರ ಇದು. ಅದನ್ನು ಗಂಟೆಗೆ 800 ಕಿ.ಮೀ.ನಿಂದ ಭಾಗಿಸಿ, ಏರಲು ಇಳಿಯಲು ಅರ್ಧ ಗಂಟೆ ಸೇರಿಸಿದರೆ 3 ಗಂಟೆ 50 ನಿಮಿಷ. ಲೆಕ್ಕವೇನೋ ಸರಿ, ಆದರೆ ಆ ದಾರಿಯಲ್ಲಿ ವಿಮಾನವೇ ಇಲ್ಲ.

ಅಗತ್ತಿಯ ರನ್‌ವೇ ಸುಮಾರು 1,200 ಮೀಟರ್. ಎರಡೂ ಪಕ್ಕ ಸಮುದ್ರ, ತುದಿಯಲ್ಲೂ ಸಮುದ್ರ. ಅಷ್ಟರಲ್ಲಿ ನಿಲ್ಲಬಲ್ಲದ್ದು ಎಟಿಆರ್‌ನಂಥ ಪಂಖದ ವಿಮಾನ. ಏರ್‌ಬಸ್ 320ರಂಥ ದೊಡ್ಡ ಜೆಟ್ ಅಲ್ಲಿ ಇಳಿಯದು. ಆ ಎಟಿಆರ್ ತುಂಬಿದ ಸೀಟುಗಳೊಂದಿಗೆ 2,650 ಕಿ.ಮೀ. ಹಾರದು. ಜತೆಗೆ, ಲೇಹ್ ಸುತ್ತಲಿನ ಶಿಖರಗಳ ನಡುವೆ ಒಂದು ಎಂಜಿನ್ ಕೈಕೊಟ್ಟರೆ ಬೇಕಾದ ಎತ್ತರ ಉಳಿಸಿಕೊಳ್ಳುವುದು ಅದಕ್ಕೆ ಕಷ್ಟ.

ಹಾಗಾಗಿ ಮೂರು ತುಂಡಾಗಿ ಹೋಗಬೇಕು. ಲೇಹ್–ದೆಹಲಿ ಸುಮಾರು 620 ಕಿ.ಮೀ., ಒಂದೂಕಾಲು ಗಂಟೆ. ದೆಹಲಿ–ಕೊಚ್ಚಿ 2,050 ಕಿ.ಮೀ., ಮೂರು ಗಂಟೆ ಚಿಲ್ಲರೆ. ಕೊಚ್ಚಿ–ಅಗತ್ತಿ 470 ಕಿ.ಮೀ., ಎಟಿಆರ್‌ನ ವೇಗ ಗಂಟೆಗೆ ಸುಮಾರು 500 ಆದ್ದರಿಂದ ಏರಲು ಇಳಿಯಲು ಹಿಡಿಯುವ ಹೊತ್ತೂ ಸೇರಿ ಒಂದು ಗಂಟೆ 20 ನಿಮಿಷ. ಗಾಳಿಯಲ್ಲಿ ಕಳೆಯುವುದು ಆರು ಗಂಟೆಯೊಳಗೇ, ಆದರೆ ಕೊಚ್ಚಿಯಲ್ಲಿ ಒಂದು ರಾತ್ರಿ ಇಟ್ಟುಕೊಳ್ಳಿ. ಬೆಂಗಳೂರಿನಿಂದಲೂ ಅಗತ್ತಿಗೆ 2024ರಲ್ಲಿ ವಿಮಾನ ಶುರುವಾಯಿತು (ಸುಮಾರು 660 ಕಿ.ಮೀ.), ನೀವು ಹೊರಡುವ ತಿಂಗಳಿನ ವೇಳಾಪಟ್ಟಿಯಲ್ಲಿ ಇದೆಯೇ ನೋಡಿಕೊಳ್ಳಿ, ಇದ್ದರೆ ನಿಮಗೆ ಅದೇ ಅನುಕೂಲ.

ಟಿಕೆಟ್ ಬೇರೆ ಬೇರೆ ಕಂಪನಿಯದಾದರೆ ಪಿಎನ್ಆರ್ ಬೇರೆ, ಬ್ಯಾಗನ್ನು ನೀವೇ ಬಿಡಿಸಿಕೊಂಡು ಮತ್ತೆ ಚೆಕ್-ಇನ್ ಮಾಡಬೇಕು. ಲೇಹ್ ವಿಮಾನ ರದ್ದಾಗಿ ಅಗತ್ತಿಯದು ತಪ್ಪಿದರೆ ಎರಡನೇ ಕಂಪನಿಯವರಿಗೆ ಅದು ಸಂಬಂಧವೇ ಇಲ್ಲ. ಲಕ್ಷದ್ವೀಪದ ಪ್ರವೇಶ ಪರ್ಮಿಟ್ ಇಲ್ಲದೆ ಟಿಕೆಟ್ ಇದ್ದೂ ಪ್ರಯೋಜನವಿಲ್ಲ. ಮೊದಲು ಪರ್ಮಿಟ್ಟಿಗೆ ಅರ್ಜಿ ಹಾಕಿ.

ಪ್ರಶ್ನೆ: ಲೇಹ್‌ಗೆ ವಿಮಾನಗಳೆಲ್ಲ ಬೆಳಗ್ಗೆಯೇ ಯಾಕೆ? ಸೀಟು ಖಾಲಿಯಿದ್ದರೂ ಕೊಡುವುದಿಲ್ಲವಂತೆ, ನಿಜವೇ?
– ಓದುಗರು, ದಾವಣಗೆರೆ

ಉತ್ತರ: ನಿಜ. ಲೇಹ್ ವಿಮಾನ ನಿಲ್ದಾಣ ಇರುವುದೇ 3,256 ಮೀಟರ್ ಎತ್ತರದಲ್ಲಿ. ಅಲ್ಲಿನ ಗಾಳಿಯ ಸಾಂದ್ರತೆ ಸಮುದ್ರಮಟ್ಟದ್ದಕ್ಕಿಂತ ಕಾಲುಭಾಗಕ್ಕೂ ಮಿಕ್ಕಿ ಕಡಿಮೆ. ರೆಕ್ಕೆಗೂ ಬಲ ಕಡಿಮೆ, ಎಂಜಿನ್ನಿಗೂ ಕಡಿಮೆ. ಬಿಸಿಲೇರಿದಂತೆ ಗಾಳಿ ಇನ್ನೂ ತೆಳುವಾಗುತ್ತದೆ, ಮಧ್ಯಾಹ್ನ ಕಣಿವೆಯಲ್ಲಿ ಜೋರು ಗಾಳಿಯೂ ಏಳುತ್ತದೆ. ಅದಕ್ಕೇ ಬಹುತೇಕ ವಿಮಾನಗಳು ತಂಪು ಹೊತ್ತಿನಲ್ಲೇ ಬಂದು ಹೊರಟುಬಿಡುತ್ತವೆ. ತೂಕ ಹೆಚ್ಚಾದರೆ ಕೆಲವು ಸೀಟು ಖಾಲಿ ಬಿಡುತ್ತಾರೆ, ಇಲ್ಲವೇ ಬ್ಯಾಗನ್ನು ಮುಂದಿನ ವಿಮಾನಕ್ಕೆ ಹಾಕುತ್ತಾರೆ. ಮಾತ್ರೆ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ.

ಶಿರಸಿಯವರಿಗೆ ಇನ್ನೊಂದು ಮಾತು: ಲಡಾಖ್ ಮೊದಲು, ದ್ವೀಪ ಆಮೇಲೆ ಎಂಬ ಕ್ರಮವೇ ಇರಲಿ. ತಿರುಗುಮುರುಗಾದರೆ, ಲೇಹ್ ವಿಮಾನ ಹೆಚ್ಚಾಗಿ ಬೆಳಗ್ಗೆಯೇ ಆದ್ದರಿಂದ, ಅಗತ್ತಿಯಿಂದ ಬಂದು ದೆಹಲಿಯಲ್ಲೂ ರಾತ್ರಿ ಕಳೆಯಬೇಕು. ಕ್ರಮ ಯಾವುದಾದರೂ ಲೇಹ್ ತಲುಪಿದ ಮೇಲೆ ಎತ್ತರಕ್ಕೆ ಮೈ ಒಗ್ಗುವವರೆಗೆ ಎರಡು ದಿನ ಸುಮ್ಮನೆ ಮಲಗಬೇಕು.