ಹೊಸ ಪಾಯಿಂಟ್, ಹೊಸ ಕಾಯಿಲ್, ಆದ್ರೂ ಕಿಡಿ ಇಲ್ಲ

ಪ್ರಶ್ನೆ: ನಮಸ್ಕಾರ ಸರ್. ನಮ್ಮಪ್ಪಂದು 1984ರ ಯೆಜ್ಡಿ, 6 ವೋಲ್ಟ್, ಪಾಯಿಂಟ್ ಇರೋದು. ಅಪಾರ್ಟ್‌ಮೆಂಟ್ ಬೇಸ್‌ಮೆಂಟಲ್ಲಿ ಮೂರು ವರ್ಷ ಟಾರ್ಪಾಲು ಹೊದ್ಕೊಂಡು ನಿಂತಿತ್ತು, ಮಧ್ಯೆ ಒಂದ್ಸಲ ಮಳೆ ನೀರು ಫುಟ್‌ರೆಸ್ಟ್ ತನಕ ಬಂದಿತ್ತು. ಈಗ ಕಾರ್ಬುರೇಟರ್ ತೊಳೆಸಿ, ಹೊಸ ಪೆಟ್ರೋಲ್, ಹೊಸ ಬ್ಯಾಟರಿ, ಹೊಸ ಪ್ಲಗ್ ಎಲ್ಲಾ ಹಾಕಿದ್ದೀನಿ. ಪ್ಲಗ್ ಬಿಚ್ಚಿ ಹೆಡ್‌ಗೆ ತಾಗಿಸಿ ಕಿಕ್ ಹೊಡೆದ್ರೆ ಕಿಡೀನೇ ಇಲ್ಲ. ಮೆಕ್ಯಾನಿಕ್ ಪಾಯಿಂಟ್, ಕಂಡೆನ್ಸರ್ ಬದಲಾಯಿಸಿದ್ರು, ಆಮೇಲೆ ಕಾಯಿಲೂ ಬದಲಾಯಿಸಿದ್ರು, ಊಹೂಂ. ಈಗ ಆರ್ಮೇಚರ್ ಹೋಗಿದೆ ಅಂತಿದ್ದಾರೆ. ಅಮ್ಮ ಗುಜರಿಗೆ ಹಾಕು ಅಂತಾರೆ, ಅಪ್ಪಂಗೆ ಮಂಡಿನೋವು, ಓಡಿಸಕ್ಕಾಗಲ್ಲ, ಒಂದ್ಸಲ ಸೌಂಡ್ ಕೇಳಿಸು ಸಾಕು ಅಂತಾರೆ. ಏನ್ ಮಾಡ್ಲಿ?
– ಒಬ್ಬ ಓದುಗ, ಬನಶಂಕರಿ

ಉತ್ತರ: ಮೊದಲು ಆ ಆರ್ಮೇಚರ್‌ಗೆ, ಅಂದ್ರೆ ಡೈನಮೋ ಒಳಗೆ ತಿರುಗೋ ಸುರುಳಿಗೆ, ದುಡ್ಡು ಕೊಡಬೇಡಿ. ನಿಮ್ಮ ಗಾಡೀಲಿ ಕಿಡಿಗೆ ಬೇಕಾದ ಕರೆಂಟ್ ಬರೋದು ಬ್ಯಾಟರಿಯಿಂದ, ಡೈನಮೋ ಕೆಲಸ ಗಾಡಿ ಓಡುವಾಗ ಆ ಬ್ಯಾಟರಿ ಚಾರ್ಜ್ ಮಾಡೋದು. ಆರ್ಮೇಚರ್ ಪೂರ್ತಿ ಸುಟ್ಟಿದ್ರೂ ಚಾರ್ಜ್ ಆಗಿರೋ ಬ್ಯಾಟರಿ ಇದ್ರೆ ಕಿಡಿ ಬರ್ಲೇಬೇಕು, ಬ್ಯಾಟರಿ ಖಾಲಿ ಆಗೋ ತನಕ ಗಾಡಿ ಓಡುತ್ತೆ ಕೂಡ. ಹೊಸ ಬ್ಯಾಟರಿ ಅಂದ್ರಲ್ಲ, ಅದನ್ನ ಚಾರ್ಜ್ ಮಾಡಿಸಿ ಹಾಕಿದ್ರಾ, ಅಂಗಡಿಯಿಂದ ತಂದು ಹಾಗೇ ಹಾಕಿದ್ರಾ? ಮೀಟರ್ ಇಟ್ರೆ 6 ವೋಲ್ಟ್‌ಗಿಂತ ಸ್ವಲ್ಪ ಮೇಲೆ ತೋರಿಸ್ಬೇಕು. ಕೆಳಗಿದ್ರೆ ಮೊದಲು ಅದನ್ನ ಚಾರ್ಜ್‌ಗೆ ಹಾಕಿ, ಮಿಕ್ಕಿದ್ದೆಲ್ಲ ಆಮೇಲೆ.

ಈಗ ಅಸಲಿ ಕೆಲಸ. ಪಾಯಿಂಟ್ ಅಂದ್ರೆ ಎಂಜಿನ್ ತಿರುಗಿದ ಹಾಗೆ ತೆರೆದು ಮುಚ್ಚೋ ಪುಟ್ಟ ಸ್ವಿಚ್ಚು. ಅದು ತೆರೆದಾಗ ಕಾಯಿಲ್ ಬ್ಯಾಟರಿಯ ವೋಲ್ಟೇಜ್ ಏರಿಸಿ ಪ್ಲಗ್ಗಿಗೆ ಕೊಡುತ್ತೆ, ಪಾಯಿಂಟ್ ಮಧ್ಯೆ ಕಿಡಿ ಹಾರದ ಹಾಗೆ ನೋಡ್ಕೊಳ್ಳೋದು ಕಂಡೆನ್ಸರ್. ಸ್ಪೀಡೋಮೀಟರ್ ಒಳಗೆ ಇರ್ತದಲ್ಲ ಅಂಥ ಪುಟ್ಟ 6 ವೋಲ್ಟ್ ಬಲ್ಬ್ ಒಂದು ತಗೊಳ್ಳಿ, ಎರಡು ವೈರ್ ಬೆಸುಗೆ ಹಾಕಿ. ಎಂಜಿನ್ ಬಲಗಡೆ ಕವರ್ ಬಿಚ್ಚಿದ್ರೆ ಪಾಯಿಂಟ್ ಕಾಣುತ್ತೆ. ಕಾಯಿಲ್‌ನಿಂದ ಬರೋ ವೈರ್ ಪಾಯಿಂಟಿಗೆ ಸೇರೋ ಸ್ಕ್ರೂಗೆ ಬಲ್ಬಿನ ಒಂದು ವೈರ್, ಇನ್ನೊಂದು ಎಂಜಿನ್ ಬಾಡೀಲಿ ಎಲ್ಲಾದ್ರೂ ಬಣ್ಣ ಇಲ್ದಿರೋ ಕಡೆ. ಪ್ಲಗ್ ಬಿಚ್ಚಿಡಿ, ಕೀ ಆನ್ ಮಾಡಿ, ಕಿಕ್ಕರ್ ಕೈಯಲ್ಲೇ ನಿಧಾನಕ್ಕೆ ಒತ್ತಿ ಎಂಜಿನ್ ತಿರುಗಿಸಿ. ಪಾಯಿಂಟ್ ತೆರೆದಾಗ ಬಲ್ಬ್ ಹತ್ತಬೇಕು, ಮುಚ್ಚಿದಾಗ ಆರಬೇಕು. ಆಗೋದು ಮೂರೇ.

ಹತ್ತಿ ಆರಿ ಹತ್ತಿ ಆರಿ ಮಾಡಿದ್ರೆ ಪಾಯಿಂಟ್ ತನಕ ಎಲ್ಲಾ ಸರಿ ಇದೆ, ತೊಂದ್ರೆ ಕಂಡೆನ್ಸರ್, ಕಾಯಿಲ್‌ನ ಸೆಕೆಂಡರಿ (ಪ್ಲಗ್ಗಿಗೆ ಕರೆಂಟ್ ಕೊಡೋ ಒಳಸುತ್ತು), ಪ್ಲಗ್ ವೈರ್ ಅಥವಾ ಕ್ಯಾಪ್‌ನಲ್ಲಿ. ಬಲ್ಬ್ ಆರದೆ ಯಾವಾಗ್ಲೂ ಹತ್ತಿಕೊಂಡೇ ಇದ್ರೆ ಪಾಯಿಂಟ್ ಮುಚ್ಚಿದ ಹಾಗೆ ಕಂಡ್ರೂ ಕರೆಂಟ್ ದಾಟ್ತಿಲ್ಲ ಅಂತ. ಇದು ಹೊಸ ಪಾಯಿಂಟಲ್ಲೂ ಆಗುತ್ತೆ, ತುಕ್ಕು ಹಿಡೀದೆ ಇರ್ಲಿ ಅಂತ ಮೇಲೆ ಎಣ್ಣೆ ಥರ ಏನೋ ಬಳಿದಿರ್ತಾರೆ. ಪೆಟ್ರೋಲಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಒಂದು ವಿಸಿಟಿಂಗ್ ಕಾರ್ಡ್ ಮಧ್ಯೆ ತೂರಿಸಿ ಎಳೀರಿ, ಕಾರ್ಡ್ ಮೇಲೆ ಕಪ್ಪು ಗೆರೆ ಬೀಳೋದು ನಿಲ್ಲೋ ತನಕ.

ಮೂರನೇದು, ಬಲ್ಬ್ ಹತ್ತೋದೇ ಇಲ್ಲ. ನಿಮ್ದು ಇದೇ ಇರಬೇಕು ಅಂತ ನನ್ನ ಗುಮಾನಿ, ಯಾಕಂದ್ರೆ ಪಾಯಿಂಟ್ ಬದಲಾಯಿಸಿದ ಮೇಲೂ ಹೀಗಿದೆ. ಪಾಯಿಂಟಿನ ಅಲ್ಲಾಡೋ ಕೈ ಮತ್ತು ಅದರ ಸ್ಪ್ರಿಂಗ್ ಎಂಜಿನ್ ಬಾಡಿಗೆ ಎಲ್ಲೂ ತಾಗಬಾರದು, ಅದಕ್ಕೇ ಆ ಸ್ಕ್ರೂಗೆ ಕಂದು ಬಣ್ಣದ ಫೈಬರ್ ವಾಷರ್ ಇರ್ತವೆ, ನಮ್ಮ ಕಿರುಬೆರಳ ಉಗುರಿನಷ್ಟು. ಅದರಲ್ಲಿ ಒಂದು ಬಿಟ್ಟುಹೋದ್ರೆ, ಇಲ್ಲಾ ವೈರ್ ತುದಿ ವಾಷರ್‌ನ ತಪ್ಪು ಕಡೆ ಕೂತ್ರೆ, ಪಾಯಿಂಟ್ ತೆರೆದ್ರೂ ಕರೆಂಟಿಗೆ ತೆರೆದಿರಲ್ಲ, ಸೀದಾ ಎಂಜಿನ್ ಬಾಡಿಗೆ ಇಳಿದು ಅರ್ತ್ ಆಗೋಗುತ್ತೆ. ನಾನೇ ಒಂದ್ಸಲ ಮೂರು ಭಾನುವಾರ ಕಾಯಿಲು ಕಂಡೆನ್ಸರ್ ಅಂತ ಅಲೆದು, ಕೊನೆಗೆ ಆ ವಾಷರ್ ಹಳೇ ಪಾಯಿಂಟ್ ಜೊತೆ ಕಸದ ಡಬ್ಬೀಲಿ ಸಿಕ್ತು. ಮನೆಯವಳು ಇವತ್ತಿಗೂ ಆಡ್ಕೋತಾಳೆ.

ಖಚಿತ ಮಾಡ್ಕೊಳ್ಳೋದು ಸುಲಭ. ಕಾಯಿಲ್‌ನ ವೈರ್ ಪಾಯಿಂಟಿಂದ ಬಿಚ್ಚಿ, ಅದರ ತುದಿಗೂ ಬಾಡಿಗೂ ಮಧ್ಯೆ ಬಲ್ಬ್ ಹಿಡೀರಿ. ಹತ್ತಿತು ಅಂದ್ರೆ ಕರೆಂಟ್ ಅಲ್ಲಿ ತನಕ ಬರ್ತಿದೆ, ಶಾರ್ಟ್ ಇರೋದು ಪಾಯಿಂಟಲ್ಲಿ ಇಲ್ಲಾ ಕಂಡೆನ್ಸರಲ್ಲಿ. ಕಾಯಿಲ್ ವೈರ್ ವಾಪಸ್ ಪಾಯಿಂಟಿಗೆ ಸೇರಿಸಿ, ಕಂಡೆನ್ಸರ್ ವೈರ್ ಬೇರೆ ಮಾಡಿ ಮೊದಲಿನ ಥರಾನೇ ಇನ್ನೊಂದ್ಸಲ ನೋಡಿದ್ರೆ ಯಾವುದು ಅಂತ ಗೊತ್ತಾಗುತ್ತೆ. ಹತ್ತಲಿಲ್ಲ ಅಂದ್ರೆ ಹಿಂದಕ್ಕೆ ಹೋಗಿ: ಕಾಯಿಲ್, ಕೀ ಸ್ವಿಚ್, ಫ್ಯೂಸ್, ಬ್ಯಾಟರಿ ಅರ್ತ್. ನೀರು ನಿಂತಿದ್ದ ಗಾಡಿ ಅಂದ್ರಲ್ಲ, ಫ್ಯೂಸ್ ಹಿಡಿಯೋ ಕ್ಲಿಪ್ಪು, ಕೀ ಸ್ವಿಚ್ ಒಳಗಿನ ಹಿತ್ತಾಳೆ ಹಸಿರು ಕಟ್ಟಿರುತ್ತೆ, ಎಮರಿ ಪೇಪರ್ ಹಾಕಿ ಉಜ್ಜಿ.

ಕಿಡಿ ನೋಡುವಾಗ ಒಂದು ಮಾತು. ಹಗಲು ಬಿಸಿಲಲ್ಲಿ ಸಣ್ಣ ಕಿಡಿ ಕಣ್ಣಿಗೆ ಕಾಣಲ್ಲ, ಸಂಜೆ ಬೇಸ್‌ಮೆಂಟ್ ಲೈಟ್ ಆರಿಸಿ ನೋಡಿ. ಪ್ಲಗ್ ತೂತಿನಿಂದ ಪೆಟ್ರೋಲ್ ಆವಿ ಬರ್ತಿರುತ್ತೆ, ಪ್ಲಗ್ಗನ್ನ ತೂತಿಂದ ದೂರ ಇಟ್ಕೊಳ್ಳಿ. ಬ್ಯಾಟರಿ 6 ವೋಲ್ಟ್ ಆದ್ರೂ ಪ್ಲಗ್ ವೈರಲ್ಲಿ ಸಾವಿರಾರು ವೋಲ್ಟ್, ಬರಿಗೈಯಲ್ಲಿ ಹಿಡಿದ್ರೆ ಅಪ್ಪನ ಮುಂದೆ ಡ್ಯಾನ್ಸ್ ಆಗುತ್ತೆ. ಕಿಡಿ ಇಲ್ಲಾಂದ್ರೆ ಪ್ಲಗ್ ಕ್ಯಾಪ್ ತಿರುಗಿಸಿ ತೆಗೆದು ಬರೀ ವೈರ್ ತುದೀನ ಇಕ್ಕಳದಲ್ಲಿ ಹೆಡ್ಡಿಂದ 5 ಮಿಲಿಮೀಟರ್ ದೂರ ಹಿಡಿದು ನೋಡಿ, ಅಲ್ಲಿ ಕಿಡಿ ಹಾರಿದ್ರೆ ಕ್ಯಾಪ್ ಸತ್ತಿದೆ ಅಷ್ಟೇ. ಇನ್ನು ಕಿಕ್ ಹೊಡೀವಾಗ ಪಾಯಿಂಟ್ ಮಧ್ಯೆ ಜೋರಾಗಿ ನೀಲಿ ಬೆಳಕು ಮಿಂಚ್ತಿದ್ದು ಪ್ಲಗ್ಗಲ್ಲಿ ಮಾತ್ರ ಏನೂ ಇಲ್ಲಾಂದ್ರೆ ಕಂಡೆನ್ಸರ್ ಅಂತ ತಿಳೀರಿ, ಹೊಸದಾದ್ರೂ ಸರಿ, ಈಗ ಸಿಗೋ ಹೊಸ ಮಾಲಿಗಿಂತ ಹಳೇ ಮಾಲೇ ವಾಸಿ ಅನ್ಸೋ ಪರಿಸ್ಥಿತಿ. ಪಾಯಿಂಟ್ ಗ್ಯಾಪ್ 0.4 ಮಿಲಿಮೀಟರ್, ಫೀಲರ್ ಗೇಜ್ (ಸಂದು ಅಳೆಯೋ ತೆಳು ತಗಡು) ಹಾಕಿ, ಕಣ್ಣಂದಾಜು ಬೇಡ. ಟೆಸ್ಟ್ ಮಾಡ್ತಾ ಕೀ ಆನ್ ಬಿಟ್ಟು ಕಾಫಿಗೆ ಹೋಗ್ಬೇಡಿ, ಪಾಯಿಂಟ್ ಮುಚ್ಚಿದ್ರೆ ಕಾಯಿಲ್ ಬಿಸಿಯಾಗಿ ಸುಡುತ್ತೆ.

ಸಾಮಾನಿಗೆ ಜೆ.ಸಿ. ರೋಡ್ ಇದ್ದೇ ಇದೆ. ಒಂದು ತಮಾಷೆ ನೋಡಿ, ಆ ರೋಡಿಗೆ ಹೆಸರಿರೋ ಜಯಚಾಮರಾಜೇಂದ್ರ ಒಡೆಯರೇ 1961ರಲ್ಲಿ ಮೈಸೂರಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಉದ್ಘಾಟನೆ ಮಾಡಿದ್ದು. ಕಾರ್ಖಾನೆ 1996ರಲ್ಲಿ ಮುಚ್ತು, ಅದರ ಸಾಮಾನು ಹುಡುಕ್ಕೊಂಡು ನಾವು ಈಗ್ಲೂ ಅವರ ಹೆಸರಿನ ರೋಡಲ್ಲೇ ಸುತ್ತೋದು. ಹೋಗುವಾಗ ಹಳೇ ಪಾಯಿಂಟ್ ಜೇಬಲ್ಲಿ ಇಟ್ಕೊಂಡು ಹೋಗಿ, ಬರೀ ಯೆಜ್ಡಿದು ಕೊಡಿ ಅಂದ್ರೆ ಏನೋ ಒಂದು ಕೊಟ್ಟು ಕಳಿಸ್ತಾರೆ. ಆ ನಿಮ್ಮ ಹಳೇ ಕಾಯಿಲನ್ನೂ ಎಸೀಬೇಡಿ, ಅದು ಹಾಳಾಗೇ ಇರ್ಲಿಲ್ಲ ಅನ್ನೋದು ನನ್ನ ಅನುಮಾನ.

ಪ್ರಶ್ನೆ: ಸರ್, ನಂದು ಆರ್‌ಎಕ್ಸ್ 100. ಮಳೇಲಿ ನೆನೆದ್ರೆ ಕಿಡಿ ನಿಲ್ಲುತ್ತೆ, ಒಣಗಿದ್ರೆ ಬರುತ್ತೆ. ಇದಕ್ಕೂ ಬ್ಯಾಟರಿ ನೋಡಬೇಕಾ?
– ಯಶವಂತಪುರದ ಹುಡುಗ

ಉತ್ತರ: ಬೇಡ. ನಿಮ್ದು ಸಿಡಿಐ, ಅಂದ್ರೆ ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಡಬ್ಬಿ ಇರೋದು, ಕಿಡಿ ಮ್ಯಾಗ್ನೆಟ್‌ನಿಂದ ಬರುತ್ತೆ, ಬ್ಯಾಟರಿ ಇಲ್ದಿದ್ರೂ ಗಾಡಿ ಸ್ಟಾರ್ಟ್ ಆಗುತ್ತೆ. ಲೆಕ್ಕಾನೂ ಯೆಜ್ಡಿಗೆ ಉಲ್ಟಾ: ಅದರಲ್ಲಿ ಕೀ ಸ್ವಿಚ್ ಕನೆಕ್ಟ್ ಆಗದಿದ್ರೆ ಕಿಡಿ ಇಲ್ಲ, ನಿಮ್ದರಲ್ಲಿ ಕೀ ಆಫ್ ಮಾಡಿದಾಗ್ಲೇ ಒಂದು ವೈರ್ ಅರ್ತ್ ಆಗಿ ಕಿಡಿ ಸಾಯುತ್ತೆ. ಕೀ ಸ್ವಿಚ್ಚಿಗೆ ನೀರಿಳಿದು ಆ ವೈರ್ ಅರ್ತ್ ಆಗ್ತಿರಬಹುದು. ಇನ್ನೊಂದ್ಸಲ ಮಳೇಲಿ ನಿಂತಾಗ ಕೀ ಸ್ವಿಚ್ಚಿಂದ ಸಿಡಿಐಗೆ ಹೋಗೋ ಆ ಒಂದು ವೈರ್ ಕಳಚಿ ಕಿಕ್ ಹೊಡೀರಿ. ಸ್ಟಾರ್ಟ್ ಆದ್ರೆ ಸ್ವಿಚ್ಚು ಬದಲಾಯಿಸಿ. ಆಗ್ಲಿಲ್ಲಾಂದ್ರೆ ಪ್ಲಗ್ ಕ್ಯಾಪಿನ ರಬ್ಬರ್ ಬಿರುಕು ಬಿಟ್ಟಿದೆಯಾ ನೋಡಿ. ಒಂದು ಮಾತು ನೆನಪಿರ್ಲಿ, ಆ ವೈರ್ ಕಳಚಿದಾಗ ಕೀ ತೆಗೆದ್ರೂ ಎಂಜಿನ್ ನಿಲ್ಲಲ್ಲ, ಗಾಬರಿ ಆಗ್ಬೇಡಿ, ಬ್ರೇಕ್ ಹಿಡಿದು ಗೇರಲ್ಲಿ ಹಾಕಿ ಕ್ಲಚ್ ಬಿಡಿ, ನಿಲ್ಲುತ್ತೆ.